ಹಳೇ ಆರ್‌ಎಕ್ಸ್‌ಗೆ ಸೌಂಡ್ ಸೈಲೆನ್ಸರ್ ಹಾಕಿಸ್ತೀರಾ? ಹೋಗೋದು ಬರೀ ದಂಡದ ದುಡ್ಡಲ್ಲ

ತಿಪಟೂರು: ಬಿ.ಎಚ್. ರಸ್ತೆಯಲ್ಲಿ ಅಂಗಡಿ ಇಟ್ಟವರಿಗೆ ಈ ಸದ್ದು ಹೊಸದೇನಲ್ಲ. ಗಿರಾಕಿ ಜತೆ ರೇಟು ಮಾತಾಡ್ತಾ ಇರ್ತೀರಿ, ಅಷ್ಟರಲ್ಲಿ ಒಂದು ಹಳೇ ಬೈಕು ಕಿವಿ ಹರಿಯೋ ಹಾಗೆ ಸದ್ದು ಮಾಡ್ಕೊಂಡು ಹೋಗುತ್ತೆ. ಅದು ದೂರ ಹೋಗೋ ತನಕ ಇಬ್ಬರೂ ಸುಮ್ಮನೆ ಮುಖ ನೋಡ್ಕೊಂಡು ನಿಲ್ಲಬೇಕು. ಬೈದುಕೊಂಡು ಕೆಲಸ ಮುಂದುವರಿಸ್ತೀವಿ.

ಆದರೆ ಈ ವಿಚಾರಕ್ಕೆ ಇನ್ನೊಂದು ಮುಖ ಇದೆ. ಹೀಗೆ ಸೈಲೆನ್ಸರ್ ಬದಲಾಯಿಸಿಕೊಂಡ ಹುಡುಗರಲ್ಲಿ ಬಹಳ ಜನಕ್ಕೆ ತಮ್ಮ ಗಾಡಿಗೆ ಏನಾಗ್ತಿದೆ ಅನ್ನೋದೇ ಗೊತ್ತಿಲ್ಲ. ಅಪ್ಪನೋ ಮಾವನೋ ಆಸೆಪಟ್ಟು ತಗೊಂಡ ಗಾಡಿ ಅದು. ಯಮಹಾ ಆರ್‌ಎಕ್ಸ್ 100 ನಮ್ಮ ದೇಶದಲ್ಲಿ ಬಂದಿದ್ದು 1985ರಲ್ಲಿ, ನಿಂತಿದ್ದು 1996ರಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿ ಯೆಜ್ಡಿ ನಿಂತಿದ್ದೂ ಅದೇ 1996ರಲ್ಲಿ. ಅಂದ್ರೆ ಇವತ್ತು ರೋಡಲ್ಲಿರೋ ಇಂಥ ಗಾಡಿಗಳೆಲ್ಲ ಸುಮಾರು ಮೂವತ್ತು ವರ್ಷ ಅಥವಾ ಅದಕ್ಕಿಂತ ಹಳೆಯವು. ಕೆಎ 44 ನಂಬರಿಗಿಂತ ಮುಂಚಿನ ಕೆಎ 06 ನಂಬರಿನವೂ ಇನ್ನೂ ಓಡಾಡ್ತಿವೆ. ಇವಕ್ಕೆ ಹೊಸ ಗಾಡಿ ಬರಲ್ಲ, ಕಂಪನಿ ಪಾರ್ಟ್ಸ್ ಸಿಗೋದೂ ಕಷ್ಟ. ಇಂಥ ಗಾಡಿಯ ಸೈಲೆನ್ಸರ್ ಬಿಚ್ಚಿ ಗುಜರಿಗೆ ಹಾಕೋ ಮುಂಚೆ ಅದು ಏನು ಕೆಲಸ ಮಾಡುತ್ತೆ, ಕಾನೂನು ಏನು ಹೇಳುತ್ತೆ, ಪಿಕಪ್ ಬೇಕು ಅಂದ್ರೆ ನಿಜವಾಗಿ ಏನು ಮಾಡಿಸಬೇಕು ಅನ್ನೋದನ್ನ ಒಂದೊಂದಾಗಿ ನೋಡೋಣ.

ಸೈಲೆನ್ಸರ್ ಬರೀ ಸದ್ದು ತಡೆಯೋ ಡಬ್ಬಿ ಅಲ್ಲ

ಸ್ಪ್ಲೆಂಡರ್, ಬುಲೆಟ್‌ನಂಥ ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಹೊಗೆ ಹೊರಗೆ ಹೋಗೋಕೆ ವಾಲ್ವ್ ಇರುತ್ತೆ. ಬಾಗಿಲು ಇದ್ದ ಹಾಗೆ, ಬೇಕಾದಾಗ ತೆರೆಯುತ್ತೆ, ಬೇಡವಾದಾಗ ಮುಚ್ಚುತ್ತೆ. ಆರ್‌ಎಕ್ಸ್, ಯೆಜ್ಡಿಯಂಥ ಟು ಸ್ಟ್ರೋಕ್‌ನಲ್ಲಿ ಈ ಬಾಗಿಲೇ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿವೆ, ಅಷ್ಟೇ. ಪಿಸ್ಟನ್ ಕೆಳಗೆ ಹೋದಾಗ ಕಿಂಡಿ ತೆರೆಯುತ್ತೆ, ಮೇಲೆ ಬಂದಾಗ ಮುಚ್ಚುತ್ತೆ.

ತೊಂದರೆ ಇರೋದು ಇಲ್ಲೇ. ಪಿಸ್ಟನ್ ಕೆಳಗಿದ್ದಾಗ ಸುಟ್ಟ ಹೊಗೆ ಹೊರಗೆ ಹೋಗೋ ಕಿಂಡಿ, ಹೊಸ ಪೆಟ್ರೋಲ್-ಗಾಳಿ ಒಳಗೆ ಬರೋ ಕಿಂಡಿ ಎರಡೂ ಒಟ್ಟಿಗೆ ತೆರೆದಿರುತ್ತವೆ. ಹೊಸ ಮಿಶ್ರಣ ಒಳಗೆ ಬಂದು ಹಾಗೇ ಹೊಗೆ ಜತೆ ಆಚೆ ಹೋಗಿಬಿಡಬಹುದು. ಮುಂಬಾಗಿಲಿಂದ ಬಂದ ನೆಂಟರು ಹಿತ್ತಿಲ ಬಾಗಿಲಿಂದ ಹೋದ ಹಾಗೆ.

ಅದನ್ನ ತಡೆಯೋದೇ ಸೈಲೆನ್ಸರ್‌ನ ಆಕಾರ. ಇಂಜಿನ್‌ನಿಂದ ಬರೋ ಬೆಂಡ್ ಪೈಪ್ ಸಣ್ಣಗಿರುತ್ತೆ, ಆಮೇಲೆ ಒಳಗಡೆ ಜಾಗ ಅಗಲ ಆಗುತ್ತೆ, ಮತ್ತೆ ಕೊನೆಯಲ್ಲಿ ಕಿರಿದಾಗುತ್ತೆ. ಹೊಗೆ ಜೋರಾಗಿ ಹೊರಗೆ ನುಗ್ಗಿದಾಗ ಅದರ ಜತೆ ಒತ್ತಡದ ಅಲೆಯೂ ಹೋಗುತ್ತೆ. ಅಗಲದ ಜಾಗ ಬಂದಾಗ ಹಿಂದಕ್ಕೆ ಒಂದು ಎಳೆತ ಹುಟ್ಟುತ್ತೆ, ಅದು ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನ ಎಳ್ಕೊಳ್ಳುತ್ತೆ. ಕಿರಿದಾದ ಕಡೆ ಅಲೆ ಡಿಕ್ಕಿ ಹೊಡೆದು ವಾಪಸ್ ಬರುತ್ತೆ, ಆಚೆ ಜಾರಿದ ಹೊಸ ಪೆಟ್ರೋಲ್-ಗಾಳಿಯನ್ನ ತಿರುಗಿ ಸಿಲಿಂಡರ್ ಒಳಗೆ ತಳ್ಳುತ್ತೆ. ಅಷ್ಟರಲ್ಲಿ ಪಿಸ್ಟನ್ ಮೇಲೆ ಬಂದು ಕಿಂಡಿ ಮುಚ್ಚುತ್ತೆ.

ಇದೆಲ್ಲ ಎಷ್ಟು ಬೇಗ ಆಗಬೇಕು ಗೊತ್ತಾ? ಆರ್‌ಎಕ್ಸ್ 100ರ 98 ಸಿಸಿ ಇಂಜಿನ್ ಪೂರ್ತಿ ಪವರ್ ಕೊಡೋದು 7,500 ಆರ್‌ಪಿಎಂನಲ್ಲಿ. ಅಂದ್ರೆ ಸೆಕೆಂಡಿಗೆ 125 ಸುತ್ತು. ಒಂದು ಸುತ್ತಿಗೆ ಸಿಗೋ ಟೈಮು ಸೆಕೆಂಡಿನ ಸಾವಿರ ಭಾಗದಲ್ಲಿ 8 ಭಾಗ ಮಾತ್ರ. ಅಷ್ಟರೊಳಗೆ ಅಲೆ ಹೋಗಿ ವಾಪಸ್ ಬರಬೇಕು. ಹಾಗಾಗಿ ಪೈಪ್ ಉದ್ದ ಎಷ್ಟು, ಎಲ್ಲಿ ಅಗಲ, ಎಲ್ಲಿ ಕಿರಿದು ಅನ್ನೋದು ಲೆಕ್ಕ ಹಾಕಿ ಮಾಡಿರೋದು.

ಈ ಲೆಕ್ಕವನ್ನ ಪಳಗಿಸಿದ ದೊಡ್ಡ ಹೆಸರು ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ಇಂಜಿನಿಯರ್ ವಾಲ್ಟರ್ ಕಾಡೆನ್. 1950ರ ದಶಕದಲ್ಲಿ ಶುರುಮಾಡಿ, 1961ರ ಹೊತ್ತಿಗೆ ಬರೀ 125 ಸಿಸಿ ರೇಸ್ ಇಂಜಿನ್‌ನಿಂದ 25 ಹಾರ್ಸ್ ಪವರ್ ತೆಗೆದರು. ಅದೇ ವರ್ಷ ಅವರ ರೈಡರ್ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿಹೋಗಿ ಜಪಾನಿನ ಸುಜುಕಿ ಸೇರಿಕೊಂಡ. ಮಾರನೇ ವರ್ಷವೇ ಸುಜುಕಿ 50 ಸಿಸಿ ವಿಶ್ವ ಚಾಂಪಿಯನ್. ಪೈಪಿನ ಆಕಾರಕ್ಕೆ ಎಷ್ಟು ಬೆಲೆ ಇದೆ ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಜಾಲಿ ತೆಗೆಸಿದ್ರೆ, ಬೇರೆ ಪೈಪ್ ಹಾಕಿದ್ರೆ ಏನಾಗುತ್ತೆ?

ಆರ್‌ಎಕ್ಸ್ ಸೈಲೆನ್ಸರ್ ಹಿಂದಿನ ತುದಿಯಲ್ಲಿ ತೂತುಗಳಿರೋ ಒಂದು ಕೊಳವೆ ಇರುತ್ತೆ. ಕಂಪನಿಯವರು ಬ್ಯಾಫಲ್ ಅಂತಾರೆ, ನಮ್ಮ ಕಡೆ ಜಾಲಿ ಅಂತಾರೆ. ಒಂದು ಸ್ಕ್ರೂ ಬಿಚ್ಚಿದ್ರೆ ಈಚೆ ಬರುತ್ತೆ. ಇದನ್ನ ಬಿಸಾಕಿ ಓಡಿಸೋರು ಒಂದು ಕಡೆ. ಒಳಗಿನ ಕೋನ್ ಎಲ್ಲ ಕಟ್ ಮಾಡಿಸಿ ಬರೀ ಡಬ್ಬಿ ಉಳಿಸೋರು ಇನ್ನೊಂದು ಕಡೆ. ಪೂರಾ ಬಿಚ್ಚಿ ನೇರ ಪೈಪ್ ಹಾಕಿಸೋರು ಮತ್ತೊಂದು ಕಡೆ.

ಒಳಗಿನ ಆಕಾರ ಹೋದ್ರೆ ವಾಪಸ್ ಬರೋ ಅಲೆ ಹೋಯ್ತು. ಅಲೆ ಹೋದ್ರೆ ಹೊಸ ಪೆಟ್ರೋಲ್ ಸುಡದೇ ಹಾಗೇ ಆಚೆ ಹೋಗುತ್ತೆ. ಮೈಲೇಜ್ ಬೀಳುತ್ತೆ, ಸ್ಲೋ ಸ್ಪೀಡಲ್ಲಿ ಎಳೆಯೋ ಶಕ್ತಿ ಹೋಗುತ್ತೆ. ಹಿಂದೆ ಬೂಸಾ ಮೂಟೆ ಇಟ್ಕೊಂಡು, ಹಾಲಿನ ಕ್ಯಾನ್ ಕಟ್ಕೊಂಡು, ತೋಟದ ದಾರಿ ಏರೋರಿಗೆ ಬೇಕಾಗಿರೋದೇ ಆ ಶಕ್ತಿ.

ಇನ್ನೊಂದು ಅಪಾಯ ಕಾರ್ಬೊರೇಟರ್ ಕಡೆಯದು. ಕಂಪನಿಯವರು ಜೆಟ್ ಹಾಕಿರೋದು ಅದೇ ಸೈಲೆನ್ಸರ್ ಲೆಕ್ಕಕ್ಕೆ. ಪೈಪ್ ಬದಲಾದ್ರೆ ಗಾಳಿ-ಪೆಟ್ರೋಲ್ ಲೆಕ್ಕ ತಪ್ಪುತ್ತೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆದ್ರೆ ಇಂಜಿನ್ ಕಾಯುತ್ತೆ. ಯೆಜ್ಡಿಯಂಥ ಗಾಡಿಯಲ್ಲಿ ಆಯಿಲ್ ಬರೋದೇ ಪೆಟ್ರೋಲ್ ಜತೆ. ಪೆಟ್ರೋಲ್ ಕಮ್ಮಿ ಅಂದ್ರೆ ಆಯಿಲೂ ಕಮ್ಮಿ. ಅಲ್ಲಿಗೆ ಪಿಸ್ಟನ್ ಸೀಜ್, ಬೋರ್ ಕೆಲಸ. ಹೈವೇಯಲ್ಲಿ ಸ್ಪೀಡಾಗಿ ಹೋಗ್ತಾ ಸೀಜ್ ಆಗಿ ಹಿಂದಿನ ಚಕ್ರ ಹಿಡ್ಕೊಂಡ್ರೆ ಖರ್ಚಿನ ಮಾತು ಹಾಗಿರಲಿ, ಜೀವದ ಮಾತು.

ರೇಸ್‌ಗೆ ಅಂತಲೇ ಲೆಕ್ಕ ಹಾಕಿ ಮಾಡಿದ ಚೇಂಬರ್ ಪೈಪ್‌ಗಳು ಪವರ್ ಕೊಡಲ್ವಾ ಅಂತ ಕೇಳಬಹುದು. ಕೊಡುತ್ತವೆ, ಸುಳ್ಳಲ್ಲ. ಆದರೆ ಅದು ಮೇಲಿನ ಆರ್‌ಪಿಎಂನಲ್ಲಿ ಮಾತ್ರ. ಅದಕ್ಕೆ ತಕ್ಕ ಹಾಗೆ ಪೋರ್ಟು, ಜೆಟ್ಟು ಎಲ್ಲ ಸೇರಿಸಿ ಕೆಲಸ ಮಾಡಿರ್ತಾರೆ. ಅದು ಟ್ರ್ಯಾಕ್‌ನ ಗಾಡಿ. ಸಂತೆಗೆ ಹೋಗಿ ಬರೋ ಗಾಡಿಗೆ ಬರೀ ಪೈಪ್ ತಂದು ಸಿಕ್ಕಿಸಿದ್ರೆ ಆ ಪವರ್ ಬರಲ್ಲ.

ಮತ್ತೆ "ಪಿಕಪ್ ಜಾಸ್ತಿ ಆಯ್ತು" ಅಂತಾರಲ್ಲ?

ಇದನ್ನ ಹೇಳೋ ಹುಡುಗರು ಪೂರ್ತಿ ಸುಳ್ಳು ಹೇಳ್ತಿಲ್ಲ. ವಿಷಯ ಇರೋದು ಬೇರೆ ಕಡೆ.

ಟು ಸ್ಟ್ರೋಕ್ ಗಾಡಿ 2ಟಿ ಆಯಿಲ್ ಸುಡುತ್ತೆ. ಆ ಆಯಿಲ್ ಮಸಿ ಸೈಲೆನ್ಸರ್ ಒಳಗೆ, ಜಾಲಿಯ ತೂತುಗಳಲ್ಲಿ, ಸಿಲಿಂಡರ್‌ನ ಹೊಗೆ ಕಿಂಡಿಯಲ್ಲಿ ಗಟ್ಟಿಯಾಗಿ ಅಂಟುತ್ತೆ. ವರ್ಷಗಟ್ಟಲೆ ಯಾರೂ ಕ್ಲೀನ್ ಮಾಡಿಸದೇ ಇದ್ರೆ ದಾರಿ ಕಟ್ಟಿಕೊಳ್ಳುತ್ತೆ. ಗಾಡಿ ಮೂಗು ಹಿಡಿದ ಹಾಗೆ ಆಡುತ್ತೆ, 50ರ ಮೇಲೆ ಏಳೋದೇ ಇಲ್ಲ. ಅಂಥ ಗಾಡಿಯ ಸೈಲೆನ್ಸರ್ ಬಿಚ್ಚಿ ಯಾವ ಪೈಪ್ ಹಾಕಿದ್ರೂ ಹಗುರ ಅನ್ಸುತ್ತೆ. ಯಾಕಂದ್ರೆ ಕಟ್ಟಿದ್ದು ಬಿಟ್ಟಿತು. ಹುಡುಗರು ಅದನ್ನ ಹೊಸ ಪೈಪಿನ ಮಹಿಮೆ ಅನ್ಕೋತಾರೆ. ಅದೇ ಹಳೇ ಸೈಲೆನ್ಸರ್ ಕಾರ್ಬನ್ ತೆಗೆಸಿ ಹಾಕಿದ್ದಿದ್ರೆ ಇದಕ್ಕಿಂತ ಚೆನ್ನಾಗಿ ಓಡ್ತಿತ್ತು, ಅದೂ ಸದ್ದಿಲ್ಲದೆ.

ಎರಡನೇದು ಕಿವಿಯ ಮೋಸ. ಸದ್ದು ಜಾಸ್ತಿ ಆದಾಗ ಸ್ಪೀಡೂ ಜಾಸ್ತಿ ಅನ್ಸುತ್ತೆ. ಅನುಮಾನ ಇದ್ರೆ ಒಂದೇ ರಸ್ತೆ, ಒಂದೇ ಏರು, ಒಂದೇ ಗೇರಲ್ಲಿ ಎರಡೂ ಸೈಲೆನ್ಸರ್ ಹಾಕಿ ಲೀಟರಿಗೆ ಎಷ್ಟು ಓಡಿತು ಅಂತ ಬರ್ಕೊಳ್ಳಿ. ಉತ್ತರ ನಿಮಗೇ ಸಿಗುತ್ತೆ.

ಬುಲೆಟ್ ಕಥೆ ಬೇರೆ, ಕೊನೆ ಒಂದೇ

ಹಳೇ ಎರಕದ ಕಬ್ಬಿಣದ ಇಂಜಿನ್‌ನ ಬುಲೆಟ್ 350 ಫೋರ್ ಸ್ಟ್ರೋಕ್. ಅದರ ಡುಗ್ ಡುಗ್ ಸದ್ದು ಬರೋದು ಸೈಲೆನ್ಸರ್‌ನಿಂದ ಮಾತ್ರ ಅಲ್ಲ. 70 ಮಿ.ಮೀ. ಬೋರು, 90 ಮಿ.ಮೀ. ಸ್ಟ್ರೋಕು, ಭಾರದ ಫ್ಲೈವೀಲು, ನಿಧಾನ ತಿರುಗೋ ಇಂಜಿನ್ನು ಇದಕ್ಕೆ ಕಾರಣ. ಕಂಪನಿ ಸೈಲೆನ್ಸರ್‌ನಲ್ಲೂ ಆ ಸದ್ದು ಚೆನ್ನಾಗೇ ಕೇಳುತ್ತೆ.

ಅಂಗಡಿಗಳಲ್ಲಿ ಇಂದೋರಿ, ಪಂಜಾಬ್, ಮೆಗಾಫೋನ್, ಶಾರ್ಟ್ ಬಾಟಲ್ ಅಂತ ತರಾವರಿ ಹೆಸರಲ್ಲಿ ಸಿಗೋ ಪೈಪ್‌ಗಳಲ್ಲಿ ಒಳಗಿನ ತಡೆ ಕಮ್ಮಿ, ಕೆಲವದರಲ್ಲಿ ಏನೂ ಇಲ್ಲ. ಜೆಟ್ ಬದಲಾಯಿಸದೇ ಹಾಕಿದ್ರೆ ಮಿಶ್ರಣದ ಲೆಕ್ಕ ತಪ್ಪಿ ಇಂಜಿನ್ ಕಾಯುತ್ತೆ. ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಅಂತ ಸಿಡಿಯುತ್ತಲ್ಲ, ಅದು ಸುಡದೇ ಉಳಿದ ಪೆಟ್ರೋಲ್ ಬಿಸಿ ಪೈಪಿನೊಳಗೆ ಹತ್ತಿಕೊಳ್ಳೋ ಸದ್ದು. ಕೆಲವರು ಓಡ್ತಾ ಇರುವಾಗಲೇ ಇಗ್ನಿಷನ್ ಆಫ್ ಮಾಡಿ ಆನ್ ಮಾಡಿ ಬೇಕೂಂತಲೇ ಪಟಾಕಿ ಹೊಡೆಸ್ತಾರೆ. ಬೆಂಕಿ ಆಚೆ ಬರೋದೂ ಉಂಟು. ಪಕ್ಕದಲ್ಲಿ ಹೋಗ್ತಿರೋ ವಯಸ್ಸಾದವರು, ಹೆದರೋ ದನ-ಕರು, ಸ್ಕೂಟರ್‌ನಲ್ಲಿ ಮಗು ಕೂರಿಸಿಕೊಂಡ ತಾಯಿ, ಇವರಲ್ಲಿ ಯಾರು ಬೆದರಿ ಬಿದ್ರೂ ಹೊಣೆ ಯಾರು? ಎಷ್ಟೋ ಪೈಪ್‌ಗಳಿಗೆ ಕಾಲು ಸುಡದ ಹಾಗೆ ಹಾಕೋ ಗಾರ್ಡ್ ಕೂಡ ಇರಲ್ಲ.

ಕಾನೂನು ಏನು ಹೇಳುತ್ತೆ?

"ನಮ್ಮ ಗಾಡಿ, ನಮ್ಮ ಇಷ್ಟ" ಅನ್ನೋ ಮಾತು ಇಲ್ಲಿ ನಡೆಯಲ್ಲ. ಮುಖ್ಯವಾದ ಸೆಕ್ಷನ್‌ಗಳು ಇವು:

- ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 52: ಕಂಪನಿಯವರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಸೆಕ್ಷನ್ ಮೇಲೆ ತೀರ್ಪು ಕೊಟ್ಟು, ಕಂಪನಿಯ ಮೂಲ ವಿವರ ಮೀರಿ ಬದಲಾವಣೆ ಮಾಡೋ ಹಾಗಿಲ್ಲ ಅಂದಿದೆ.
- ಸೆಕ್ಷನ್ 182ಎ(4), 2019ರ ತಿದ್ದುಪಡಿಯಲ್ಲಿ ಸೇರಿದ್ದು: ಅನುಮತಿ ಇಲ್ಲದ ಬದಲಾವಣೆ ಮಾಡಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಅಥವಾ 6 ತಿಂಗಳ ತನಕ ಜೈಲು, ಅಥವಾ ಎರಡೂ.
- ಸೆಕ್ಷನ್ 190(2): ಶಬ್ದ, ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದ್ರೆ ಮೊದಲ ಸಲ 10,000 ರೂ. ತನಕ ದಂಡ, ಅಥವಾ 3 ತಿಂಗಳ ತನಕ ಜೈಲು, ಅಥವಾ ಎರಡೂ. ಜತೆಗೆ 3 ತಿಂಗಳು ಲೈಸೆನ್ಸ್ ಅನರ್ಹತೆ.
- ಸೆಕ್ಷನ್ 194ಎಫ್: ಹೊಗೆಯನ್ನ ಸೈಲೆನ್ಸರ್ ಬಿಟ್ಟು ಬೇರೆ ದಾರಿಯಲ್ಲಿ ಬಿಡೋ ಕಟ್-ಔಟ್ ಇದ್ದರೆ ಮೊದಲ ಸಲ 1,000 ರೂ., ಆಮೇಲೆ 2,000 ರೂ.
- ಕೇಂದ್ರ ಮೋಟಾರು ವಾಹನ ನಿಯಮ 120: ಪ್ರತಿ ಗಾಡಿಗೂ ಸದ್ದು ಆದಷ್ಟು ಕಮ್ಮಿ ಮಾಡೋ ಸೈಲೆನ್ಸರ್ ಇರಲೇಬೇಕು.

ಸ್ಥಳದಲ್ಲೇ ಕಟ್ಟಿಸಿಕೊಳ್ಳೋ ದಂಡ ಎಷ್ಟು ಅನ್ನೋದನ್ನ ರಾಜ್ಯ ಸರ್ಕಾರ ನಿಗದಿ ಮಾಡಿರುತ್ತೆ. ಕೇಸು ಕೋರ್ಟಿಗೆ ಹೋದ್ರೆ ಮೇಲಿನ ಮಿತಿಗಳು ಲೆಕ್ಕಕ್ಕೆ ಬರುತ್ತವೆ. ಬಿಚ್ಚಿಸಿಕೊಂಡ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿರೋದನ್ನ ರಾಜ್ಯದ ಬೇರೆ ಬೇರೆ ಊರುಗಳಿಂದ ನೀವೂ ಫೋನಲ್ಲಿ ನೋಡಿರ್ತೀರಿ.

ಅಪ್ಪ-ಅಮ್ಮಂದಿರು ಇದೊಂದನ್ನ ಗಮನಿಸಬೇಕು. 18 ತುಂಬದ, ಲೈಸೆನ್ಸ್ ಇಲ್ಲದ ಹುಡುಗನ ಕೈಗೆ ಗಾಡಿ ಕೊಟ್ಟು ಅವನು ಸಿಕ್ಕಿಬಿದ್ರೆ ಸೆಕ್ಷನ್ 199ಎ ಪ್ರಕಾರ ಪೋಷಕರು ಅಥವಾ ಮಾಲೀಕರಿಗೆ 25,000 ರೂ. ದಂಡ, 3 ವರ್ಷದ ತನಕ ಜೈಲು. ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಸೌಂಡ್ ಸೈಲೆನ್ಸರ್ ಅಂದ್ರೆ ದೂರದಿಂದಲೇ ಪೊಲೀಸರನ್ನ ಕರೆದು ತೋರಿಸಿದ ಹಾಗೆ.

ಎಷ್ಟು ಸದ್ದು ಜಾಸ್ತಿ?

ಈಗ ತಯಾರಾಗೋ ಬೈಕ್‌ಗಳಿಗೆ ಕಂಪನಿ ಮಟ್ಟದ ಪರೀಕ್ಷೆಯಲ್ಲಿ ಇರೋ ಮಿತಿ ಹೀಗಿದೆ: 80 ಸಿಸಿ ತನಕ 75 ಡೆಸಿಬಲ್, 80ರಿಂದ 175 ಸಿಸಿ ತನಕ 77, ಅದರ ಮೇಲೆ 80.

ಊರಿನ ಲೆಕ್ಕ ಬೇರೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನೆಗಳಿರೋ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ಅಂಗಡಿ ಬೀದಿಯಲ್ಲಿ ಹಗಲು 65, ರಾತ್ರಿ 55. ಆಸ್ಪತ್ರೆ, ಶಾಲಾ-ಕಾಲೇಜು, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40. ರಾತ್ರಿ ಅಂದ್ರೆ 10ರಿಂದ ಬೆಳಗ್ಗೆ 6.

ಡೆಸಿಬಲ್ ಲೆಕ್ಕ ನಾವು ಅನ್ಕೊಂಡ ಹಾಗೆ ಅಲ್ಲ. 10 ಡೆಸಿಬಲ್ ಜಾಸ್ತಿ ಅಂದ್ರೆ ಸದ್ದಿನ ಶಕ್ತಿ ಹತ್ತು ಪಟ್ಟು. 20 ಜಾಸ್ತಿ ಅಂದ್ರೆ ನೂರು ಪಟ್ಟು. ಗಾಡಿ ಓಡಿಸೋನು ಒಂದು ನಿಮಿಷದಲ್ಲಿ ದಾಟಿ ಹೋಗ್ತಾನೆ. ಮುಂಜಾನೆಯಿಂದ ರಾತ್ರಿ ತನಕ ರಸ್ತೆಗೆ ಮುಖ ಮಾಡಿ ಕೂರೋ ಅಂಗಡಿಯವರ ಕಿವಿಗೆ ಎಷ್ಟು ಗಾಡಿಗಳ ಸದ್ದು ಬೀಳುತ್ತೆ, ಲೆಕ್ಕ ಹಾಕಿ. ಒಂದೇ ಗಾಡಿ ದಿನಾ ಕಾಟ ಕೊಡ್ತಿದ್ರೆ ನಂಬರ್, ಟೈಮು, ಜಾಗ ಬರೆದುಕೊಂಡು ಠಾಣೆಗೆ ಕೊಡಿ. ರಾತ್ರಿ ಹೊತ್ತು ವೀಲಿಂಗ್, ರೇಸ್ ನಡೀತಿದ್ರೆ 112ಕ್ಕೆ ಫೋನ್ ಮಾಡಿ. ಜಗಳಕ್ಕೆ ಇಳಿಯಬೇಡಿ.

ದೊಡ್ಡ ಪೆಟ್ಟು ಬೀಳೋದು ಆರ್‌ಸಿ ರಿನ್ಯೂವಲ್‌ನಲ್ಲಿ

ಬೈಕ್‌ನ ಆರ್‌ಸಿ 15 ವರ್ಷಕ್ಕೆ ಇರುತ್ತೆ. ಆಮೇಲೆ 5 ವರ್ಷಕ್ಕೊಮ್ಮೆ ರಿನ್ಯೂವಲ್. ಅವಧಿ ಮುಗಿಯೋ ಮುಂಚಿನ 60 ದಿನದೊಳಗೆ ಫಾರಂ 25 ಹಾಕಬೇಕು, ಗಾಡಿ ತಗೊಂಡು ಹೋಗಿ ಇನ್ಸ್‌ಪೆಕ್ಟರ್‌ಗೆ ತೋರಿಸಬೇಕು. 20 ವರ್ಷ ದಾಟಿದ ಬೈಕ್‌ಗೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶುಲ್ಕವನ್ನ 2,000 ರೂಪಾಯಿಗೆ ಏರಿಸಿದೆ. ಹಸಿರು ತೆರಿಗೆ ಬೇರೆ. ಇಷ್ಟೆಲ್ಲ ಕಟ್ಟಿ ಹೋದಾಗ ಕಂಪನಿ ಸೈಲೆನ್ಸರ್ ಇಲ್ಲ ಅಂದ್ರೆ ವಾಪಸ್ ಕಳಿಸ್ತಾರೆ. ಆಗ ಹಳೇದು ಹುಡುಕ್ಕೊಂಡು ಗುಜರಿ ಅಂಗಡಿ ಸುತ್ತಬೇಕು.

ಎಮಿಷನ್ ಟೆಸ್ಟ್‌ಗೂ ಲೆಕ್ಕ ಇದೆ. 2000ನೇ ಇಸವಿ ಮಾರ್ಚ್ 31ಕ್ಕೆ ಮುಂಚೆ ತಯಾರಾದ ಬೈಕ್‌ಗೆ ಕಾರ್ಬನ್ ಮಾನಾಕ್ಸೈಡ್ ಶೇ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ ಮೀರಬಾರದು. ಹೈಡ್ರೋಕಾರ್ಬನ್ ಅಂದ್ರೆ ಬೇರೇನಲ್ಲ, ಸುಡದೇ ಆಚೆ ಹೋಗೋ ಪೆಟ್ರೋಲ್ ಮತ್ತು ಆಯಿಲ್. ವಾಪಸ್ ತಳ್ಳೋ ಅಲೆ ಇಲ್ಲದ ಪೈಪ್ ಹಾಕಿದ ಟು ಸ್ಟ್ರೋಕ್‌ನಲ್ಲಿ ಜಾಸ್ತಿ ಆಗೋದೇ ಇದು. ಹಳೇ ಗಾಡಿಗೆ ಈ ಸರ್ಟಿಫಿಕೇಟ್ 6 ತಿಂಗಳಿಗೊಮ್ಮೆ ಬೇಕು. ಆಕ್ಸಿಡೆಂಟ್ ಆದಾಗ ಗಾಡಿಯಲ್ಲಿ ಅನುಮತಿ ಇಲ್ಲದ ಬದಲಾವಣೆ ಕಂಡ್ರೆ ಇನ್ಶೂರೆನ್ಸ್‌ನವರೂ ತಕರಾರು ತೆಗೆಯೋ ಸಾಧ್ಯತೆ ಇದೆ.

ಹಾಗಾದ್ರೆ ಏನು ಮಾಡಿಸಬೇಕು?

ಗಾಡಿ ಎಳೀತಿಲ್ಲ ಅಂದ್ರೆ ಮೆಕ್ಯಾನಿಕ್ ಹತ್ತಿರ ಈ ಕ್ರಮದಲ್ಲಿ ಕೇಳಿ:

1. ಜಾಲಿ ಬಿಚ್ಚಿಸಿ ಕ್ಲೀನ್ ಮಾಡಿಸಿ. ಕಾರ್ಬನ್ ಸುಟ್ಟು, ತಂತಿ ಬ್ರಷ್‌ನಿಂದ ಉಜ್ಜಿ, ತೂತುಗಳೆಲ್ಲ ಬಿಟ್ಟಿವೆಯಾ ನೋಡಿ ವಾಪಸ್ ಹಾಕಿಸಿ.
2. ಸೈಲೆನ್ಸರ್ ಒಳಗಿನ ಕಾರ್ಬನ್ ತೆಗೆಸಿ. ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಹಾಕಿ ತೆಗೀತಾರೆ. ಇದನ್ನ ಮನೇಲಿ ಮಾಡಬೇಡಿ. ಚರ್ಮ, ಕಣ್ಣು ಸುಡುತ್ತೆ, ಅಲ್ಯೂಮಿನಿಯಂ ಭಾಗ ತಿಂದುಹಾಕುತ್ತೆ.
3. ಸಿಲಿಂಡರ್‌ನ ಹೊಗೆ ಕಿಂಡಿ ನೋಡಿಸಿ. ಸೈಲೆನ್ಸರ್ ಕ್ಲೀನ್ ಆಗಿ ಕಿಂಡಿ ಕಟ್ಟಿಕೊಂಡಿದ್ರೆ ಏನೂ ಪ್ರಯೋಜನ ಇಲ್ಲ.
4. ಬೆಂಡ್ ಪೈಪ್ ಪ್ಯಾಕಿಂಗ್ ಹೊಸದು ಹಾಕಿಸಿ. ಅಲ್ಲಿ ಲೀಕ್ ಇದ್ರೆ ಸದ್ದೂ ಬರುತ್ತೆ, ಅಲೆಯ ಕೆಲಸವೂ ಕೆಡುತ್ತೆ. ಇಂಜಿನ್ ಬಳಿ ಆಯಿಲ್ ಕಪ್ಪಗೆ ಒಸರ್ತಿದ್ರೆ ಅದೇ ಗುರುತು.
5. ಏರ್ ಫಿಲ್ಟರ್, ಕಾರ್ಬೊರೇಟರ್ ಕ್ಲೀನ್ ಮಾಡಿಸಿ ಪ್ಲಗ್ ಬಣ್ಣ ನೋಡಿ. ಕಾಫಿ ಬಣ್ಣ ಇದ್ರೆ ಸರಿ. ಬೆಳ್ಳಗಿದ್ರೆ ಪೆಟ್ರೋಲ್ ಸಾಲ್ತಿಲ್ಲ, ಕಪ್ಪು ಮಸಿ ಇದ್ರೆ ಜಾಸ್ತಿ ಆಗ್ತಿದೆ.
6. 2ಟಿ ಆಯಿಲ್ ಅಳತೆ ಪ್ರಕಾರ ಹಾಕಿ. ಅಂದಾಜಿಗೆ ಜಾಸ್ತಿ ಸುರಿದ್ರೆ ಮತ್ತೆ ಬೇಗ ಕಾರ್ಬನ್ ಕಟ್ಟುತ್ತೆ, ಕಮ್ಮಿ ಆದ್ರೆ ಪಿಸ್ಟನ್ ಹೋಗುತ್ತೆ.

ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದ್ರೆ ಒಳಗಿನ ಕೋನ್ ಚೆನ್ನಾಗಿದೆಯಾ ನೋಡಿ, ವೆಲ್ಡಿಂಗ್ ಮಾಡಿಸಿ ಉಳಿಸಿಕೊಳ್ಳಬಹುದು. ಬದಲಾಯಿಸಲೇಬೇಕಾದ್ರೆ ಅದೇ ಮಾಡೆಲ್‌ನ, ಕಂಪನಿ ಆಕಾರದ್ದೇ ತಗೊಳ್ಳಿ. ಕೈಗೆತ್ತಿದ್ರೆ ತೀರಾ ಹಗುರ ಇರೋ, ಟಾರ್ಚ್ ಬಿಟ್ಟು ನೋಡಿದ್ರೆ ಒಳಗೆ ಖಾಲಿ ಕಾಣೋ ಡಬ್ಬಿ ಬೇಡ. ಹಳೇದನ್ನ ಮೆಕ್ಯಾನಿಕ್ ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಮನೆಗೆ ತಂದಿಡಿ.

ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್, ಯೆಜ್ಡಿ ಕೊಳ್ಳೋರು ದುಡ್ಡು ಎಣಿಸೋ ಮುಂಚೆ ಮೂರು ಕೇಳಿ: ಆರ್‌ಸಿ ಯಾವತ್ತಿನ ತನಕ ಇದೆ, ಎಮಿಷನ್ ಸರ್ಟಿಫಿಕೇಟ್ ಇದೆಯಾ, ಕಂಪನಿ ಸೈಲೆನ್ಸರ್ ಎಲ್ಲಿದೆ. ಮೂರನೇದಕ್ಕೆ ಉತ್ತರ ಬರಲಿಲ್ಲ ಅಂದ್ರೆ ಅದನ್ನ ಹುಡುಕಿಸೋ ಖರ್ಚು ಇಟ್ಟುಕೊಂಡು ರೇಟು ಮಾತಾಡಿ.